ಕುಜನ ಮನೆಯ ಪಾರ್ಸೆಲ್

ನಾಸಾದ ಪರ್ಸಿವಿಯರೆನ್ಸ್ ರೋವರ್‌ಗೆ ಮಂಗಳನ ಕಲ್ಲಿನಲ್ಲಿ ಚಿರತೆಯ ಮೈಮೇಲಿನಂಥ ಚುಕ್ಕೆ ಕಂಡ, ಅದು ಹಳೆಯ ಸೂಕ್ಷ್ಮಜೀವಿಗಳ ಗುರುತಿರಬಹುದೆಂಬ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ನನ್ನ ಕಣ್ಣು ಹೋದದ್ದು ಅದನ್ನು ಘೋಷಿಸಿದವರ ಹುದ್ದೆಯ ಮೇಲೆ. ಅವರು ಅಮೆರಿಕದ ಸಾರಿಗೆ ಸಚಿವರು. ನಗಬೇಡಿ, 2025ರ ಸೆಪ್ಟೆಂಬರ್ 10ರಂದು ನಾಸಾದ ಹಂಗಾಮಿ ಮುಖ್ಯಸ್ಥರ ಕುರ್ಚಿಯಲ್ಲಿದ್ದವರೂ ಅದೇ ಶಾನ್ ಡಫಿ. ಮಂಗಳನಲ್ಲಿ ಜೀವ ಪತ್ತೆಹಚ್ಚುವುದಕ್ಕೆ ಇಷ್ಟು ಹತ್ತಿರ ನಾವು ಎಂದೂ ಬಂದಿರಲಿಲ್ಲ ಎಂದರು. ಆ ವಾಕ್ಯದ ನಡುವೆಯೇ, ರೋವರ್ ಹಾರಿದ್ದು ಟ್ರಂಪ್ ಅವರ ಮೊದಲ ಅವಧಿಯಲ್ಲಿ ಎಂಬುದನ್ನೂ ತುರುಕಿದರು. ಸೂಕ್ಷ್ಮಜೀವಿ ಇತ್ತೋ ಇಲ್ಲವೋ, ಫ್ಲೆಕ್ಸ್‌ನಲ್ಲಿ ನಾಯಕರ ಮುಖ ದೊಡ್ಡದಿರಬೇಕು. ನಾಸಾ ಬಗ್ಗೆ ನನಗೆ ಮೊದಲ ಬಾರಿಗೆ ಬಂಧುಭಾವ ಹುಟ್ಟಿದ್ದು ಆಗಲೇ.

ಕಲ್ಲಿನ ಹೆಸರು ಚೆಯಾವಾ ಫಾಲ್ಸ್. ತೊಟ್ಟು ನೀರಿಲ್ಲದ ಜಾಗಕ್ಕೆ ಜಲಪಾತದ ಹೆಸರಿಡುವ ಧೈರ್ಯವನ್ನು ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟುವವರಿಂದ ಕಲಿತರೋ ಏನೋ! ಜೆಝೆರೊ ಕುಳಿಗೆ ಒಂದು ಕಾಲದಲ್ಲಿ ನೀರು ಸುರಿಯುತ್ತಿದ್ದ ನದಿಯ ಪಾತ್ರದಲ್ಲಿ ಪರ್ಸಿವಿಯರೆನ್ಸ್ ಅದನ್ನು 2024ರ ಜುಲೈನಲ್ಲಿ ಕೊರೆದು ಒಂದು ತುಂಡು ತೆಗೆಯಿತು. ಚುಕ್ಕೆಗಳಲ್ಲಿ ವಿವಿಯಾನೈಟ್, ಗ್ರೈಗೈಟ್ ಎಂಬ ಕಬ್ಬಿಣದ ಖನಿಜಗಳಿರುವಂತಿದೆ. ನಮ್ಮ ಭೂಮಿಯ ಕೆಸರಿನಲ್ಲಿ ಇಂಥವು ಸೂಕ್ಷ್ಮಜೀವಿಗಳು ಉಂಡೆದ್ದ ಎಲೆಯಂತೆ ಉಳಿಯುತ್ತವೆ. ಆದರೆ ಯಾರೂ ಉಣ್ಣದೆಯೂ ಎಲೆ ಹಾಗೆ ಕಾಣಬಹುದು. ಆದ್ದರಿಂದ ವಿಜ್ಞಾನಿಗಳು 'ಸಂಭಾವ್ಯ ಜೈವಿಕ ಕುರುಹು' ಎಂದು ಬರೆದು ಕೈಕಟ್ಟಿ ನಿಂತರು. ಸಾಕ್ಷ್ಯ ಅಳೆಯಲು ನಾಸಾದವರೇ ಸೂಚಿಸಿದ ಏಳು ಮೆಟ್ಟಿಲುಗಳಿವೆ. ನಾವಿನ್ನೂ ಕೆಳಗೆ ಚಪ್ಪಲಿ ಬಿಡುತ್ತಿದ್ದೇವೆ, ಟಿವಿಯವರು ಮಾತ್ರ ಮೇಲೆ ಮಂಗಳಾರತಿ ಮುಗಿಸಿ ಪ್ರಸಾದ ಹಂಚುತ್ತಿದ್ದರು.

ಹಿಂದಿನವರಿಗೆ ಈ ಅನುಮಾನದ ಕಾಟವಿರಲಿಲ್ಲ. ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ 1877ರಲ್ಲಿ ಮಂಗಳನ ಮೇಲೆ 'ಕನಾಲಿ' ಕಂಡ. ಅವನ ಭಾಷೆಯಲ್ಲಿ ಅದು ತಾನಾಗಿ ಆದ ಹಳ್ಳವೂ ಹೌದು, ಆದರೆ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಯಾರೋ ತೋಡಿದ ಕಾಲುವೆಯಾಯಿತು. ಅಮೆರಿಕದ ಸಿರಿವಂತ ಲೋವೆಲ್ ಅರಿಝೋನಾದಲ್ಲಿ ವೀಕ್ಷಣಾಲಯ ಕಟ್ಟಿ, ಕಾಲುವೆ ತೋಡಿದ ಇಂಜಿನಿಯರುಗಳನ್ನೂ ಕಲ್ಪಿಸಿಕೊಂಡ. 1900ರಲ್ಲಿ ಫ್ರಾನ್ಸಿನಲ್ಲಿ ಗುಜ್ಮಾನ್ ಬಹುಮಾನ ಪ್ರಕಟವಾಯಿತು: ಬೇರೊಂದು ಆಕಾಶಕಾಯದವರ ಜೊತೆ ಸಂಪರ್ಕ ಸಾಧಿಸಿದವರಿಗೆ ಒಂದು ಲಕ್ಷ ಫ್ರಾಂಕ್. ಮಂಗಳ ಮಾತ್ರ ಲೆಕ್ಕಕ್ಕಿಲ್ಲ, ಏಕೆಂದರೆ ಅದು ತೀರಾ ಸುಲಭವಂತೆ! ಪಕ್ಕದ ಮನೆಯವರನ್ನು ಮಾತನಾಡಿಸಿದ್ದಕ್ಕೆ ಯಾರಾದರೂ ಇನಾಮು ಕೊಡುತ್ತಾರೆಯೇ? ಈಗ ಬ್ಯಾಕ್ಟೀರಿಯಾದ ಹೆಣ ಸಿಕ್ಕರೂ ಸಾಕೆಂದು ಕಾದಿದ್ದೇವೆ. ನಮ್ಮಲ್ಲಂತೂ ಕುಜ ಜೀವ ಹಿಂಡುವುದರಲ್ಲಿ ಹೆಣ್ಣು ಹೆತ್ತವರಿಗೆ ಅನುಮಾನವಿಲ್ಲ, ಅಲ್ಲಿ ಜೀವವಿದೆಯೇ ಎಂಬುದಷ್ಟೇ ಬಾಕಿ.

ನನಗೆ ಪಾಪ ಎನಿಸುವುದು ಅಮೆರಿಕದ ಇಂಜಿನಿಯರ್ ಗಿಲ್ಬರ್ಟ್ ಲೆವಿನ್ ಬಗ್ಗೆ. 1976ರಲ್ಲಿ ಮಂಗಳನ ಮೇಲೆ ಇಳಿದ ನಾಸಾದ ವೈಕಿಂಗ್ ನೌಕೆಯೊಳಗೆ ಅವರ ಪ್ರಯೋಗ ಮಂಗಳನ ಮಣ್ಣಿಗೆ ಪೋಷಕಾಂಶದ ಹನಿ ಬಿಟ್ಟಿತು. ಯಾವುದೋ ಜೀವಿ ಅದನ್ನು ಉಂಡು ಉಸಿರು ಬಿಟ್ಟಂತೆ ಮಣ್ಣಿನಿಂದ ಅನಿಲ ಎದ್ದಿತು. ಅದೇ ನೌಕೆಯ ಮತ್ತೊಂದು ಉಪಕರಣ ಮಣ್ಣನ್ನು ಕಾಯಿಸಿ ನೋಡಿ, ಇಲ್ಲಿ ಸಾವಯವ ವಸ್ತುವೇ ಇಲ್ಲ ಎಂದಿತು. ಒಂದೇ ಮನೆಯಲ್ಲಿ ಗಂಡ ಹೌದೆಂದು, ಹೆಂಡತಿ ಅಲ್ಲವೆಂದು! ಮಂಗಳನ ಮಣ್ಣಿನಲ್ಲಿ ಪರ್ಕ್ಲೋರೇಟ್ ಇದೆ ಎಂಬುದು ಫೀನಿಕ್ಸ್ ನೌಕೆಗೆ 2008ರಲ್ಲಿ ಗೊತ್ತಾಯಿತು. ಆ ಉಪ್ಪಿನ ಜೊತೆ ಕಾಯಿಸುವಾಗ ಸಾವಯವ ವಸ್ತು ಸುಟ್ಟುಹೋಗಿರಬಹುದು. ಅಂಥ ಮಣ್ಣಿನ ರಸಾಯನವೇ ಲೆವಿನ್ನರ ಅನಿಲವನ್ನು ಹುಟ್ಟಿಸಿರಲೂಬಹುದು. ಹಾಗಾದರೆ ಪ್ರಯೋಗವನ್ನು ತಿದ್ದಿ ಮತ್ತೊಮ್ಮೆ ಕಳುಹಿಸಬೇಕಿತ್ತು. ನಾಸಾ ಕಳುಹಿಸಲಿಲ್ಲ. ಲೆವಿನ್ 2021ರಲ್ಲಿ, 97ನೇ ವಯಸ್ಸಿನಲ್ಲಿ, ವಾದ ಮಾಡುತ್ತಲೇ ತೀರಿಕೊಂಡರು.

ಇಲ್ಲಿ ನನಗೆ ನಗು ಬರುವುದಿಲ್ಲ. ಕಲ್ಲು ಭೂಮಿಗೆ ಬಂದು ಪ್ರಯೋಗಾಲಯದ ಮೇಜಿನ ಮೇಲೆ ಕೂರುವ ತನಕ ಈ ಜಗಳ ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ತರಲು 1,100 ಕೋಟಿ ಡಾಲರ್ ಬೇಕು, ತಲುಪುವುದು 2040ಕ್ಕೆ ಎಂದು 2024ರಲ್ಲಿ ನಾಸಾ ಹೇಳಿತು. ದುಬಾರಿಯೇ, ಒಪ್ಪಿದೆ. 2025ರ ಮೇನಲ್ಲಿ ಶ್ವೇತಭವನದ ಬಜೆಟ್ ಪ್ರಸ್ತಾವ ಆ ಯೋಜನೆಯನ್ನೇ ರದ್ದು ಮಾಡಿ ಎಂದಿತು. ನಾಲ್ಕು ತಿಂಗಳಿಗೆ ಅದೇ ಸರ್ಕಾರದ ಸಚಿವರು ಅದೇ ಕಲ್ಲನ್ನು ತೋರಿಸಿ ಎದೆ ತಟ್ಟಿಕೊಂಡರು. ದುಡ್ಡಿಲ್ಲದಿದ್ದರೆ ಇಲ್ಲವೆನ್ನಿ. ಊಟಕ್ಕೆ ಕರೆದು ಅಡುಗೆಯವರನ್ನು ಮನೆಗೆ ಕಳುಹಿಸುವುದು ಯಾವ ಮರ್ಯಾದೆ?

ಸೀಮೆಸುಣ್ಣದಂಥ ಆ ತುಂಡು ಮೊಹರು ಹಾಕಿದ ಕೊಳವೆಯಲ್ಲಿ, ರೋವರಿನ ಹೊಟ್ಟೆಯಲ್ಲಿ ಸಿದ್ಧವಾಗಿ ಕುಳಿತಿದೆ. ಘೋಷಣೆಯ ದಿನ ಸಾರಿಗೆ ಸಚಿವರ ಬಳಿ ಎಲ್ಲವೂ ಇತ್ತು, ಬಸ್ಸಿನ ವೇಳಾಪಟ್ಟಿಯೊಂದನ್ನು ಬಿಟ್ಟು.