ಪಾಸಿಟಿವ್ ಆಗಿರಿ ಅನ್ನುವವರಿಗೆ ಮಂಗಳವಾರದ ಪಾಳಿ

ಇವತ್ತು ಡಯಾಲಿಸಿಸ್ ರೂಮಿನ ಹೊರಗಿನ ಬೆಂಚಿನಲ್ಲಿ ಒಬ್ಬ ಮಹಾನುಭಾವರ ಪ್ರವಚನ ಕೇಳುವ ಭಾಗ್ಯ ಸಿಕ್ಕಿತು. ಪ್ರವಚನ ನನಗಲ್ಲ, ಗಂಡನನ್ನು ಒಳಗೆ ಬಿಟ್ಟು ಬಂದು ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ. "ನೋಡಮ್ಮಾ, ನೀನೇ ಹೀಗೆ ಮುಖ ಸಪ್ಪಗೆ ಮಾಡ್ಕೊಂಡ್ರೆ ಅವನಿಗೆ ಧೈರ್ಯ ಹೇಳೋರು ಯಾರು? ಯಾವಾಗ್ಲೂ ನಗ್ತಾ ಇರ್ಬೇಕು. ಪಾಸಿಟಿವ್ ಆಗಿರ್ಬೇಕು." ಆಕೆ ಹೂಂ ಹೂಂ ಅಂತ ತಲೆಯಾಡಿಸಿದರು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮಹಾನುಭಾವರ ಕೈಯಲ್ಲಿ ಎರಡು ಎಳನೀರು. ರೋಗಿಗಂತೆ!

ನನ್ನ ಅಪ್ಪನಿಗೂ ಕಿಡ್ನಿ ಕೈಕೊಟ್ಟು ಇಲ್ಲೇ ಡಯಾಲಿಸಿಸ್ ನಡೆಯುತ್ತಿದೆ. ಅದು ಗೊತ್ತಿರುವವರಿಗೆ ಇದು ಯಾಕೆ ಉರಿಸುತ್ತದೆ ಅಂತ ಅರ್ಥವಾಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೈಕೊಟ್ಟಿದ್ದರೆ ಅದು ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ, ಎದೆಬಡಿತವನ್ನೇ ಕೆಡಿಸಬಹುದು. ಬಾಳೆಹಣ್ಣಿಗೂ ಇದೇ ಕಥೆ. ತರುವ ಮುಂಚೆ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಅಲ್ವಾ? ಕೇಳುವುದಿಲ್ಲ. ಹೇಳುವುದಕ್ಕೇ ಬಂದಿರುತ್ತಾರೆ.

ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ರಕ್ತ ಸೋಸುವ ಮಷೀನು. ಹಾಕುವ ಮುಂಚೆ ತೂಕ, ತೆಗೆದ ಮೇಲೆ ತೂಕ. ಕುಡಿಯುವ ನೀರಿಗೆ ಅಳತೆ. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಅದೇ ಲೆಕ್ಕಕ್ಕೆ. ಏಪ್ರಿಲ್ ಬಿಸಿಲಲ್ಲಿ ಅಪ್ಪ ಲೋಟ ಮುಂದೆ ಹಿಡಿದು "ಪುಟ್ಟಾ, ಇನ್ನೊಂದೇ ಗುಟುಕು" ಅಂದಾಗ ಇಲ್ಲ ಅನ್ನಬೇಕು. ಪೊಟ್ಯಾಸಿಯಂ ಇಳಿಯಲಿ ಅಂತ ತರಕಾರಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಪಲ್ಯ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಇರುವ ಕೈಯಲ್ಲಿ ಬಿಪಿ ನೋಡಬೇಡಿ ಅಂತ ಪ್ರತಿ ಹೊಸ ಮುಖಕ್ಕೂ ಹೇಳಬೇಕು. ನಡುರಾತ್ರಿ ಕಾಲು ಹಿಡಿದುಕೊಂಡರೆ ಎದ್ದು ತಿಕ್ಕಬೇಕು. ಇಷ್ಟೆಲ್ಲಾ ಮಾಡಿಕೊಂಡು ನಗುತ್ತಲೂ ಇರಬೇಕಂತೆ. ಸಂಬಳ ಎಷ್ಟು ಸ್ವಾಮಿ ಈ ಕೆಲಸಕ್ಕೆ?

"ಪಾಪ, ಒಳ್ಳೇ ಮನಸ್ಸಿಂದ ಹೇಳ್ತಾರೆ, ಬಿಡೇ" ಅಂತ ಅತ್ತೆ ಬೈಯುತ್ತಾರೆ. ಇರಬಹುದು. ಒಳ್ಳೇ ಮನಸ್ಸಿಗೆ ಎರಡು ಕಾಲೂ ಇರುತ್ತವಲ್ಲ, ಒಂದು ದಿನ ಆ ಬೆಂಚಿನವರೆಗೆ ನಡೆದುಕೊಂಡು ಬರಲಿ. ಬೆಳಗಿನ ಜಾವ ವಾಟ್ಸಾಪಿಗೆ ಸೂರ್ಯೋದಯದ ಚಿತ್ರ ಕಳಿಸುವುದಕ್ಕೆ ಮನಸ್ಸೂ ಬೇಕಿಲ್ಲ, ಹೆಬ್ಬೆರಳು ಸಾಕು.

ಒಂದು ಮಾತು ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಆ ನಾಲ್ಕು ಗಂಟೆ ನನಗೆ ಇಷ್ಟ. ಅಪ್ಪನನ್ನು ನೋಡಿಕೊಳ್ಳಲು ಒಳಗೆ ಜನ ಇರುತ್ತಾರೆ. ನಾನು ಎದುರಿನ ದರ್ಶಿನಿಯಲ್ಲಿ ಸೆಟ್ ದೋಸೆ ತಿಂದು, ಕೊಳ್ಳದ ಸೀರೆಗಳನ್ನು ಫೋನಿನಲ್ಲಿ ನೋಡುತ್ತಾ ಸುಮ್ನೆ ಕೂರುತ್ತೇನೆ. ಯಾರೂ ನನ್ನನ್ನು ಕರೆಯುವುದಿಲ್ಲ. ಸೆಲ್ಫ್ ಕೇರ್ ಅಂತ ಸುಗಂಧದ ಮೇಣದಬತ್ತಿ ಮಾರುವವರಿಗೆ ಈ ದೋಸೆಯ ಬೆಲೆ ತಿಳಿಯಲಿಕ್ಕಿಲ್ಲ.

ಒಂದು ರಾತ್ರಿ ತೀರಾ ಸಾಕಾಗಿ 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ, ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಉಸ್ತುವಾರಿ. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದಾಕೆ ಪಾಸಿಟಿವ್ ಗೀಸಿಟಿವ್ ಅನ್ನಲಿಲ್ಲ. ನಾನು ಅತ್ತು ಮುಗಿಸುವವರೆಗೆ ಕಾದು, "ಊಟ ಆಯ್ತಾ? ನಿಮ್ಮ ಬದಲಿಗೆ ಕೂರೋಕೆ ಯಾರಿದ್ದಾರೆ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮಾರನೇ ದಿನ ತಮ್ಮನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಜಗಳವಾಡಿದೆ. ಈಗ ಶನಿವಾರ ಅವನ ಪಾಳಿ. ಶನಿವಾರ ನಾನು ಒಂಬತ್ತರವರೆಗೆ ಮಲಗುತ್ತೇನೆ. ಭಾನುವಾರ ನನ್ನ ಮುಖ ನೋಡಿ, ನಗು ತಾನಾಗೇ ಬಂದಿರುತ್ತದೆ.

ಅಪ್ಪನ ಹೆಸರು ಜೀವಸಾರ್ಥಕತೆಯ, ಅಂದರೆ ರಾಜ್ಯದ ಅಂಗದಾನ ಸಂಸ್ಥೆಯ, ಕಾಯುವವರ ಪಟ್ಟಿಯಲ್ಲಿದೆ. ಕಿಡ್ನಿ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಅಷ್ಟು ದಿನ ಕಾಯಬೇಕು ಅಂದರೆ ಕಾಯುವವರಿಗೂ ನಿದ್ದೆ ಬೇಕು, ಬಿಸಿ ಊಟ ಬೇಕು, ಬದಲಿಗೆ ಒಬ್ಬರು ಬೇಕು. ಇದನ್ನೇ ಎಷ್ಟು ಸಲ ಹೇಳುವುದು!

ಮಂಗಳವಾರ ಇನ್ನೂ ಖಾಲಿ ಇದೆ. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ಕೆಳಗೆ ಕೈಮುಗಿದ ಎಮೋಜಿ ಹಾಕಿದವರಿಗೇ ಮೊದಲು ಫೋನ್ ಮಾಡುತ್ತೇನೆ.