ಫ್ರೀ ಟ್ರಯಲ್ ಅಂತೆ ಫ್ರೀ!

ಈ ಬೆಟ್ಟಿಂಗ್ ಸೈಟ್‌ನೋರು ಒಂದ್ರುಪಾಯಿ ಟ್ರಯಲ್ ಅಂತಾರೆ, ಪಿನ್ ಒತ್ತಿದ್ರೆ ಅದು ತಿಂಗಳು ತಿಂಗಳು ಕೀಳೋ ಆಟೋಪೇಗೆ ಒಪ್ಪಿಗೆ. ನಮ್ ಭಾವ ಆ್ಯಪ್ ಡಿಲೀಟ್ ಮಾಡಿ ಆರಾಮಾಗಿದ್ರು, ಆ್ಯಪ್ ಹೋದ್ರೂ ಮ್ಯಾಂಡೇಟ್, ಅಂದ್ರೆ ದುಡ್ಡು ಕೀಳೋಕೆ ಕೊಟ್ಟ ಆ ಒಪ್ಪಿಗೆ, ಹೋಗಲ್ಲ ಮಾರಾಯ್ರೆ, ಯುಪಿಐ ಒಳಗೇ ಹೋಗಿ ಕ್ಯಾನ್ಸಲ್ ಮಾಡ್ಬೇಕು. ದುಡ್ಡು ಕಟ್ ಆಗೋ 24 ಗಂಟೆ ಮೊದ್ಲೇ ಮೆಸೇಜ್ ಬರ್ಬೇಕು ಅಂತ ಆರ್‌ಬಿಐ ರೂಲ್ ಇದೆ, ಬಂದಿರ್ಬೋದು, ಆದ್ರೆ ನಮ್ ಕೊಡಗಿನ ಸೋಮವಾರಪೇಟೆ ಕಡೆ ಕಕ್ಕಡ ತಿಂಗಳ ಜೋರು ಮಳೇಲಿ ಕರೆಂಟೂ ಇಲ್ಲ ಟವರೂ ಇಲ್ಲ, ನೋಡೋದ್ಯಾರು? ಬ್ಯಾಂಕಿಗೆ ಹೋದ್ರೆ ‘ನೀವೇ ಪಿನ್ ಹಾಕಿದೀರಲ್ಲ’ ಅಂತ ಕೈ ತೊಳ್ಕೊಂಡ್ರು. ಬಿಡ್ಬೇಡಿ ಭಾವ, ಬರ್ದು ಕೊಡಿ, ಕಂಪ್ಲೇಂಟ್ ನಂಬರ್ ಇಸ್ಕೊಳ್ಳಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್ ಇದಾರೆ ಅಂದೆ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡ್ಸಿದೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳ್ನ 2025ರ ಕಾನೂನೇ ಬ್ಯಾನ್ ಮಾಡಿದೆ, ಆದ್ರೂ ಜಾಹೀರಾತು ಲಿಂಕ್ ಮಾತ್ರ ದಿನಾ ಬರ್ತಾನೇ ಇದೆ, ಅದಕ್ಕೆ ಟವರ್ ಎಲ್ಲಿಂದ ಸಿಗುತ್ತೋ!