ಹಳೇ ಗೋಡೆಗೆ ಸಿಮೆಂಟ್ ಬಳಿಯಬೇಡಿ ಸ್ವಾಮಿ

ಕೇರಳದ ಫೋರ್ಟ್ ಕೊಚ್ಚಿಯಲ್ಲಿ ಇನ್ನೊಂದು ಹಳೇ ಮನೆ ‘ಹೆರಿಟೇಜ್’ ವಸತಿಗೃಹ ಆಗ್ತಾ ಇದೆ. ಸುಣ್ಣದ ಗಾರೆಯನ್ನೆಲ್ಲ ಕೆತ್ತಿ ಹಾಕಿ ಸಿಮೆಂಟ್ ಮೆತ್ತುತ್ತಿರುವ ಫೋಟೋಗಳನ್ನು ಈಗಷ್ಟೇ ನೋಡಿದೆ. ಹೊಟ್ಟೆ ಉರೀತಿದೆ.

1503ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಊರು, 1663ರಲ್ಲಿ ಡಚ್ಚರ ಕೈಸೇರಿದ ಊರು. ಅಲ್ಲಿನ ಹಳೇ ಗೋಡೆಗಳು ಹೆಚ್ಚಾಗಿ ನಮ್ಮ ಕರಾವಳಿಯಲ್ಲೂ ಸಿಗುವ ಮುರಕಲ್ಲಿನವೇ (ಜಂಬಿಟ್ಟಿಗೆ). ತಗ್ಗು ನೆಲ, ಪಕ್ಕದಲ್ಲೇ ಕಡಲು. ಪಾಯದಿಂದ ಉಪ್ಪುನೀರು ಕಲ್ಲಿನೊಳಗೆ ಸದಾ ಮೇಲೇರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಆರಲು ಬಿಡುತ್ತದೆ. ಉಪ್ಪು ಕಟ್ಟಿದರೆ ಗಾರೆಯಷ್ಟೇ ಉದುರುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟ್ ಮೆತ್ತಿ, ಪುಟ್ಟಿ ಹಚ್ಚಿ, ಎಮಲ್ಷನ್ ಬಳಿದರೆ ನೀರಿಗೆ ಹೊರದಾರಿಯೇ ಇಲ್ಲ. ಅದು ಇನ್ನೂ ಮೇಲೇರುತ್ತದೆ, ಉಪ್ಪು ಸಿಮೆಂಟಿನ ಹಿಂದೆ ಕಟ್ಟಿ ಕಲ್ಲಿನ ಮೈಯನ್ನೇ ಪುಡಿ ಮಾಡುತ್ತದೆ. ಮೇಲಿನಿಂದ ನೋಡಿದರೆ ನುಣ್ಣಗೆ, ಬೆರಳಲ್ಲಿ ಬಡಿದರೆ ಟೊಳ್ಳು.

ಅದರ ಮೇಲೆ ಎಸಿ. ಹದಿನೆಂಟಕ್ಕೆ ಇಟ್ಟು ದಿನವಿಡೀ ಓಡಿಸಿದರೆ ತಣ್ಣಗಾದ ಗೋಡೆ, ಕಪಾಟುಗಳ ಮೇಲೆ ಹೊರಗಿನ ತೇವದ ಗಾಳಿ ನೀರಾಗಿ ಕೂರುತ್ತದೆ. ಹಾಸಿಗೆಯ ಮುಗ್ಗುಲು ವಾಸನೆ ಬರುವುದು ಅಲ್ಲಿಂದ. ಅದಕ್ಕೆ ‘ಹಳೇ ಮನೆ ಅಂದ್ರೆ ಹೀಗೇ’ ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಮಂಗಳೂರು ಹಂಚಿನ ಮಾಡು, ಎತ್ತರದ ಜಂತೆ, ಪಟ್ಟಿಬಾಗಿಲಿನ ಕಿಟಕಿ ಇದ್ದ ಮನೆಗೆ ಗಾಳಿಯಾಡುವುದು ಗೊತ್ತಿತ್ತು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಹೊಡೆದು ಅದನ್ನೂ ಮುಚ್ಚಿದರು.

ಸುಣ್ಣದ ಕೆಲಸಕ್ಕೆ ಮೇಸ್ತ್ರಿ ಸಿಗಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ಗಾರೆ ಆರುವ ಡಿಸೆಂಬರ್–ಫೆಬ್ರವರಿಯಲ್ಲೇ ಪ್ರವಾಸಿಗರೂ ಬರುತ್ತಾರೆ ಅನ್ನುವ ವಾದವಿದೆ. ನಿಜ, ನಿಧಾನ. ಹಾಗಾದರೆ ಒಂದೊಂದೇ ಕೋಣೆ ಮಾಡಿ. ಸಿಮೆಂಟನ್ನು ಕೆಲವೇ ವರ್ಷಕ್ಕೆ ಮತ್ತೆ ಕೆತ್ತಿ ಮತ್ತೆ ಮೆತ್ತುವ ಖರ್ಚನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

ಮಾಡುವವರು ಕೇಳಿ. ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ ಎರಡು ಮೂರು ವಾರ ಕೊಳೆಹಾಕಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಒರಟು ಮರಳು. ಕಡಲ ಮರಳು ಬೇಡವೇ ಬೇಡ, ಉಪ್ಪನ್ನು ನೀವೇ ಗೋಡೆಗೆ ಹಾಕಿದಂತೆ. ಗೋಡೆ ನೆನೆಸಿ, ಒಂದು ಪದರ ಹತ್ತು ಮಿಲಿಮೀಟರ್ ಮೀರದಂತೆ ಹಚ್ಚಿ, ಅದು ಬಿಗಿಯುವ ತನಕ ಕಾಯಿರಿ. ಒಂದು ವಾರ ಒದ್ದೆ ಗೋಣಿಯ ನೆರಳು ಬೇಕು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಲೆ ಮೂರು ನಾಲ್ಕು ಸಲ ತೆಳ್ಳಗೆ ಸುಣ್ಣ ಬಳಿಯಿರಿ. ಗೋಡೆಯ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲೇ ಗುಡಿಸಿ. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ತಂಗಲು ಹೋಗುವವರು ಮೊದಲು ಕೋಣೆಯ ಗೋಡೆಯ ಕೆಳಗಿನ ಮೂರಡಿಯ ಫೋಟೋ ಕೇಳಿ. ಎಲ್ಲರೂ ಮಂಚದ್ದೇ ಕಳಿಸುತ್ತಾರೆ. ಮಹಡಿ ಕೋಣೆ ಸಿಕ್ಕರೆ ಅದನ್ನೇ ಹಿಡಿಯಿರಿ, ನೆಲದಿಂದ ಏರುವ ತೇವ ಅಷ್ಟು ಮೇಲೆ ಬರುವುದು ಕಡಿಮೆ. ಹೋದ ಮೇಲೆ ಕಪಾಟಿನ ಹಿಂದೆ ಕೈ ಹಾಕಿ ನೋಡಿ, ತೇವವಿದ್ದರೆ ಬ್ಯಾಗ್ ಬಿಚ್ಚುವ ಮುಂಚೆಯೇ ಕೋಣೆ ಬದಲಿಸಿ ಎನ್ನಿ. ಎಸಿ ಬೇಕೇಬೇಕಾದರೆ ಇಪ್ಪತ್ತಾರಕ್ಕೆ, ಡ್ರೈ ಮೋಡ್‌ನಲ್ಲಿ.